ಒಂದು ಡಾಲರ್ ಕೊಡಲು ಕೈ ಬರಲಿಲ್ಲವಲ್ಲ!

ಲಾಸ್ ವೇಗಸ್‌ನಿಂದ ನಿನ್ನೆ ರಾತ್ರಿ ವಾಪಸ್ ಬಂದೆ. ಹೊಟ್ಟೆ ಇನ್ನೂ ಉರಿಯುತ್ತಿದೆ. ಸೋತಿದ್ದಕ್ಕಲ್ಲ. ಪೋಕರ್ ಎಂಬ ಇಸ್ಪೀಟಿನ ಜೂಜಿನ ನನ್ನ ಹುಚ್ಚು ನಿಮಗೆಲ್ಲ ಗೊತ್ತು, ಸೋಲು ಗೆಲುವು ಇದ್ದದ್ದೇ.

ಶನಿವಾರ ನಮ್ಮ ಟೇಬಲ್‌ನಲ್ಲಿ ಇಬ್ಬರು ಕನ್ನಡದ ಹುಡುಗರಿದ್ದರು. ಖುಷಿಯಾಗಿ ನಾನೇ ಮಾತಾಡಿಸಿದೆ. ಸ್ವಲ್ಪ ಹೊತ್ತಿಗೆ ಅವರಲ್ಲೊಬ್ಬ ಸುಮಾರು 400 ಡಾಲರ್‌ನ ಪಾಟ್, ಅಂದರೆ ಆ ಆಟದಲ್ಲಿ ಎಲ್ಲರೂ ಕಟ್ಟಿದ ಹಣ, ಗೆದ್ದ. ಎಲೆ ಹಂಚುವ ಡೀಲರ್ ಅರವತ್ತರ ಆಸುಪಾಸಿನ ಹೆಂಗಸು. ಹಣದ ಬದಲು ಬಳಸುವ ಬಿಲ್ಲೆಗಳಾದ ಚಿಪ್‌ಗಳನ್ನೆಲ್ಲ ಒಟ್ಟು ಮಾಡಿ ಎರಡೂ ಕೈಯಿಂದ ಅವನ ಮುಂದೆ ತಳ್ಳಿದರು. ಆತ ಅದನ್ನು ಜೋಡಿಸಿಕೊಳ್ಳುತ್ತಾ ಕೂತ. ಒಂದೇ ಒಂದು ಡಾಲರ್ ಅವರ ಕಡೆ ಬರಲಿಲ್ಲ.

ಡೀಲರ್‌ಗೆ ಟಿಪ್ಸ್ ಕೊಡಬೇಕು ಅಂತ ಮೆಲ್ಲಗೆ ಹೇಳಿದೆ. "ಯಾಕೆ ಸಾರ್, ಪ್ರತಿ ಪಾಟ್‌ನಲ್ಲೂ ಕಟ್ ಮಾಡ್ಕೊಳ್ತಾರಲ್ಲ?" ಅಂದ.

ಅಯ್ಯೋ, ಅದು ರೇಕ್. ಕ್ಯಾಸಿನೋದ ಪಾಲು. ಡೀಲರ್ ಜೇಬಿಗೆ ಅದರಲ್ಲಿ ಬಿಡಿಗಾಸೂ ಹೋಗುವುದಿಲ್ಲ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಕನಿಷ್ಠ ಕೂಲಿ ಗಂಟೆಗೆ 12 ಡಾಲರ್. ಡೀಲರ್‌ಗಳ ಸಂಬಳ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ಇರುತ್ತದೆ, ಉಳಿದದ್ದು ಟಿಪ್ಸ್. ಬ್ಲ್ಯಾಕ್‌ಜಾಕ್ ಎಂಬ ಇನ್ನೊಂದು ಇಸ್ಪೀಟಾಟದ ಕಡೆ ಟಿಪ್ಸ್ ಒಟ್ಟು ಹಾಕಿ ಹಂಚಿಕೊಳ್ಳುತ್ತಾರೆ. ಹೆಚ್ಚಿನ ಪೋಕರ್ ರೂಮುಗಳಲ್ಲಿ ಹಾಗಲ್ಲ, ತನಗೆ ಬಂದದ್ದೇ ತನಗೆ. ಒಂದು ಟೇಬಲ್‌ನಲ್ಲಿ ಅರ್ಧ ಗಂಟೆ ಕೂತು ಮುಂದಿನದಕ್ಕೆ ಹೋಗುತ್ತಾರೆ. ಆ ಅರ್ಧ ಗಂಟೆ ಗೆದ್ದವರೆಲ್ಲ ಹೀಗೇ ಕೂತರೆ ಅವರ ಗತಿ ಏನು?

ಬರೀ ಬ್ಲೈಂಡ್ಸ್, ಅಂದರೆ ಎಲೆ ಹಂಚುವ ಮೊದಲೇ ಕಡ್ಡಾಯವಾಗಿ ಕಟ್ಟುವ ಹಣ, ಸಿಕ್ಕ ಸಣ್ಣ ಪಾಟ್‌ಗೆ ಯಾರೂ ಕೇಳುವುದಿಲ್ಲ. ಒಳ್ಳೆ ಪಾಟ್ ಬಂದರೆ ಒಂದು ಡಾಲರ್, ದೊಡ್ಡದಾದರೆ ಎರಡೋ ಮೂರೋ. ಅಷ್ಟೇ ಅಲ್ವಾ?

ಮೊದಲ ಸಲ ಹೋದಾಗ ನಾನೂ ಕೊಟ್ಟಿರಲಿಲ್ಲ. ದರ್ಶಿನಿಯಲ್ಲಿ ನಿಂತು ತಿಂದು ಬೆಳೆದವನು, ಗೊತ್ತೇ ಇರಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಿವಿಯಲ್ಲಿ ಹೇಳಿದರು. ನಾಚಿಕೆಯಿಂದ ತಲೆ ತಗ್ಗಿಸಿದ್ದು ಇನ್ನೂ ನೆನಪಿದೆ. ಗೊತ್ತಿಲ್ಲದಿರುವುದು ತಪ್ಪಲ್ಲ. ಹೇಳಿದ ಮೇಲೂ ಕೊಡಲ್ಲ ಅನ್ನುವುದು ತಪ್ಪು.

"ಸಂಬಳ ಕೊಡೋದು ಕ್ಯಾಸಿನೋ ಕೆಲಸ" ಅನ್ನುತ್ತೀರಿ. ಒಪ್ಪಿದೆ. ಹಾಗಂತ ಕ್ಯಾಸಿನೋ ಮೇಲಿನ ಸಿಟ್ಟನ್ನು ಆ ಹೆಂಗಸಿನ ಹೊಟ್ಟೆ ಮೇಲೆ ತೀರಿಸಿಕೊಳ್ಳುವುದಾ? ನೀವು ಟಿಪ್ಸ್ ಕೊಡದಿದ್ದರೆ ಕ್ಯಾಸಿನೋಗೆ ಹೋಗುವ ರೇಕ್ ಒಂದು ಸೆಂಟೂ ಕಡಿಮೆ ಆಗಲ್ಲ. ನಷ್ಟ ಆಗುವುದು ಡೀಲರ್‌ಗೆ ಮಾತ್ರ.

ಅದೇ ಹುಡುಗ ಮೂರು ಬಿಯರ್ ಕುಡಿದ. ಆಟ ಆಡುವವರಿಗೆ ಅಲ್ಲಿ ಬಿಯರ್ ಫ್ರೀ. ತಂದುಕೊಟ್ಟವಳಿಗೆ ಏನೂ ಕೊಡಲಿಲ್ಲ. ನಾಲ್ಕನೆಯದು ತಡವಾಯಿತು ಅಂತ ಸರ್ವಿಸ್ ಸರಿ ಇಲ್ಲ ಎಂದು ಗೊಣಗಿದ. ಮೊದಲ ಗ್ಲಾಸ್‌ಗೇ ಒಂದು ಡಾಲರ್ ಕೊಟ್ಟು, ಮುಖ ನೋಡಿ ಥ್ಯಾಂಕ್ಸ್ ಹೇಳಿದವರನ್ನು ಆಕೆ ಮರೆತದ್ದನ್ನು ನಾನಂತೂ ಕಂಡಿಲ್ಲ.

ಡೀಲರ್ ಏಳುವ ಹೊತ್ತಿಗೆ ನಾನು ಐದು ಡಾಲರ್ ಚಿಪ್ ಮುಂದಿಟ್ಟೆ. ಅದನ್ನು ಟ್ರೇ ಅಂಚಿಗೆ ಟಕ್ ಟಕ್ ಎಂದು ಬಡಿದು ಅಂಗಿ ಜೇಬಿಗೆ ಹಾಕಿಕೊಂಡರು. ಕೈಯಲ್ಲಿ ಏನೂ ಇಲ್ಲ ಎಂದು ಎರಡೂ ಕೈ ತಿರುಗಿಸಿ ಮೇಲಿನ ಕ್ಯಾಮೆರಾಗೆ ತೋರಿಸಿದರು. ಆ ಹುಡುಗನಿಗೂ ನಗುತ್ತಲೇ "ಗುಡ್ ಲಕ್" ಅಂದರು. ಆತ ತಲೆ ಎತ್ತಲಿಲ್ಲ.