ಓಲೋಫ್ ಕ್ರಾನ್ಸ್ ಚಿತ್ರಗಳ ಬಗ್ಗೆ ಒಂದು ಸ್ಪಷ್ಟನೆ

ಸಾಲುಸಾಲಾಗಿ ನಿಂತು ಮೆಕ್ಕೆಜೋಳ ಬಿತ್ತುವ ಹೆಂಗಸರ ಚಿತ್ರದ ಜೊತೆ, "ಸ್ವೀಡನ್ನಿನಿಂದ ವಲಸೆ ಬಂದ ಹುಡುಗ ಓಲೋಫ್ ಕ್ರಾನ್ಸ್ ಹೊಲದ ಬದುವಿನಲ್ಲೇ ಕೂತು ಬರೆದದ್ದು" ಎಂಬ ಸಂದೇಶ ಓಡಾಡುತ್ತಿದೆ. ಆ ಸಾಲು ನನ್ನದೇ. ತಪ್ಪಾಗಿದೆ.

ಕ್ರಾನ್ಸ್ 1850ರಲ್ಲಿ, ಹನ್ನೆರಡರ ಆಸುಪಾಸಿನಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಬಿಷಪ್ ಹಿಲ್‌ಗೆ ಬಂದದ್ದು ನಿಜ. ಎಲ್ಲರೂ ಕೂಡಿ ದುಡಿದು ಹಂಚಿಕೊಂಡು ಬಾಳುತ್ತಿದ್ದ ಆ ಧಾರ್ಮಿಕ ವಸಾಹತು 1861ರ ಹೊತ್ತಿಗೇ ಚದುರಿತ್ತು. ಚಿತ್ರಗಳು ಶುರುವಾದದ್ದು 1896ರಲ್ಲಿ, ವಸಾಹತಿನ ಐವತ್ತನೇ ವರ್ಷಕ್ಕೆ. ಆಗ ಅವರಿಗೆ ಅರವತ್ತು ಹತ್ತಿರ. ಅಲ್ಲಿಯವರೆಗೆ ಹತ್ತಿರದ ಗಾಲ್ವಾ ಊರಿನಲ್ಲಿ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವರು! ವಸಾಹತಿನ ಬದುಕಿನ ಇಂಥ ದೃಶ್ಯಗಳನ್ನು ಬರೆದದ್ದು ನೆನಪಿನಿಂದ. ನನಗಂತೂ ಇದೇ ಹೆಚ್ಚು ಸೋಜಿಗ.

ದಯವಿಟ್ಟು ಹಳೆಯ ಸಂದೇಶ ಫಾರ್ವರ್ಡ್ ಮಾಡಬೇಡಿ.