ಗೆಳೆಯರೊಡನೆ ಗಾಲ್ಫ್: ಪಂದ್ಯ ಕಟ್ಟುವ ಎರಡು ರೀತಿಗಳು

ಕನ್ನಡದಲ್ಲಿ ‘ಪಂದ್ಯ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಎದುರಾಳಿಗಳ ನಡುವಿನ ಸ್ಪರ್ಧೆಯೂ ಪಂದ್ಯ. ‘ಪಂದ್ಯ ಕಟ್ಟಿದರು’ ಎಂದಾಗ ಒಡ್ಡಿದ ಪಣವೂ ಪಂದ್ಯ. ‘ಜೂಜು’ ಎಂಬ ಮಾತು ಮಾತ್ರ ಇವೆರಡರಿಂದ ದೂರ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಆಟಕ್ಕಿಂತ ಹಣ ಮುಂದಿರುತ್ತದೆ. ಕರ್ನಾಟಕದಿಂದ ಹೊರಬಂದ ಮೇಲೆ ಗಾಲ್ಫ್ ಕಲಿತು, ಎರಡು ಬೇರೆ ಊರುಗಳಲ್ಲಿ ಎರಡು ಗೆಳೆಯರ ಗುಂಪುಗಳೊಡನೆ ವರ್ಷಗಟ್ಟಲೆ ಆಡಿದ ನನಗೆ, ಈ ಪದಗಳ ನಡುವಿನ ಅಂತರ ಮೈದಾನದಲ್ಲಿ ನಿಂತಾಗಲೆಲ್ಲ ನೆನಪಾಗುತ್ತದೆ. ಒಂದು ಗುಂಪು ನಿಧಾನವಾಗಿ ಚದುರಿಹೋಯಿತು, ಇನ್ನೊಂದು ಇಂದಿಗೂ ಆಡುತ್ತಿದೆ. ಎರಡರಲ್ಲೂ ಇದ್ದವರು ಒಳ್ಳೆಯವರೇ. ಅವರು ಆಯ್ದುಕೊಂಡ ಆಟದ ರೀತಿ ಮಾತ್ರ ಬೇರೆಯಾಗಿತ್ತು.

ಮೊದಲ ಗುಂಪು ಒಟ್ಟು ಹೊಡೆತಗಳನ್ನು ಎಣಿಸುತ್ತಿತ್ತು. ಹದಿನೆಂಟು ಹೋಲ್ (ಆರಂಭದ ಜಾಗದಿಂದ ಗುಳಿಯವರೆಗಿನ ಒಂದೊಂದು ಹಂತ) ಮುಗಿದ ಮೇಲೆ ಯಾರ ಮೊತ್ತ ಕಡಿಮೆಯೋ ಅವರಿಗೆ ಉಳಿದವರೆಲ್ಲ ಹಣ ಕೊಡಬೇಕಿತ್ತು. ನೋಡಲು ಇದು ಸರಳ, ನ್ಯಾಯವೂ ಹೌದು. ಆದರೆ ನಾಲ್ವರಲ್ಲಿ ಒಬ್ಬರು ಎರಡನೆಯ ಹೋಲ್‌ನಲ್ಲಿ ಚೆಂಡನ್ನು ಎರಡು ಸಲ ನೀರಿಗೆ ಹಾಕಿ ಹತ್ತು ಹೊಡೆತ ಬರೆಸಿಕೊಂಡರೆಂದರೆ ಅವರ ದಿನ ಅಲ್ಲಿಗೆ ಮುಗಿದಂತೆಯೇ. ಉಳಿದ ಹದಿನಾರು ಹೋಲ್‌ಗಳನ್ನು ಅವರು ಸೋತವರಾಗಿಯೇ ನಡೆಯಬೇಕು. ನಮ್ಮಲ್ಲಿ ಎಲ್ಲರಿಗಿಂತ ತಡವಾಗಿ ಆಟ ಕಲಿತಿದ್ದ ಗೆಳೆಯರೊಬ್ಬರು ವಾರ ಬಿಟ್ಟು ವಾರ ಬರತೊಡಗಿ, ಕೊನೆಗೆ ಬರುವುದನ್ನೇ ನಿಲ್ಲಿಸಿದರು. ಅವರು ಕಳೆದುಕೊಂಡ ಹಣ ದೊಡ್ಡದೇನಲ್ಲ. ಮುಗಿದುಹೋದ ಸ್ಪರ್ಧೆಯೊಳಗೆ ಮೂರು ಗಂಟೆ ಕಳೆಯುವುದು ಅವರಿಗೆ ಬೇಡವಾಗಿತ್ತು. ಅದನ್ನು ನಾವು ಆಗಲೇ ಗಮನಿಸಲಿಲ್ಲ ಎಂಬ ಕೊರಗು ನನಗಿದೆ.

ಗಾಲ್ಫ್ ಆರಂಭದಿಂದಲೂ ಹೀಗೆ ಮೊತ್ತ ಎಣಿಸುವ ಆಟವಾಗಿರಲಿಲ್ಲ. 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಬರೆದಿಟ್ಟ 13 ನಿಯಮಗಳು ‘ಎದುರಾಳಿ’ ಎಂಬ ಒಬ್ಬನನ್ನು ಮುಂದಿಟ್ಟುಕೊಂಡೇ ಮಾತಾಡುತ್ತವೆ. ಒಂದೊಂದು ಹೋಲ್ ಅನ್ನು ಒಂದೊಂದು ಪ್ರತ್ಯೇಕ ಸ್ಪರ್ಧೆಯಾಗಿ ಕಾಣುವ ಮ್ಯಾಚ್ ಪ್ಲೇ ಹಳೆಯ ರೀತಿ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯ ಮೊದಲ ಉಲ್ಲೇಖ ಸಿಗುವುದು 1759ರ ಸೇಂಟ್ ಆಂಡ್ರೂಸ್ ದಾಖಲೆಯಲ್ಲಿ. ಬಹಳ ಮಂದಿ ಸ್ಪರ್ಧಿಗಳಲ್ಲಿ ಒಬ್ಬನೇ ವಿಜೇತನನ್ನು ಒಂದೆರಡು ದಿನದಲ್ಲಿ ಆರಿಸಬೇಕಾದ ಕಡೆ ಮೊತ್ತ ಎಣಿಸದೆ ವಿಧಿಯಿಲ್ಲ. ನಾಲ್ವರು ಗೆಳೆಯರಿಗೆ ಆ ಅಗತ್ಯ ಎಲ್ಲಿದೆ? ಮ್ಯಾಚ್ ಪ್ಲೇಯಲ್ಲಿ ಹತ್ತು ಹೊಡೆತದ ಹೋಲ್ ಎಂದರೆ ಒಂದು ಹೋಲ್ ಸೋತಂತೆ, ಅಷ್ಟೇ. ಮುಂದಿನ ಟೀ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ಎಲ್ಲರೂ ಮತ್ತೆ ಸಮಾನವಾಗಿ ನಿಲ್ಲುತ್ತಾರೆ.

ಮ್ಯಾಚ್ ಪ್ಲೇಯಲ್ಲಿ ನನಗೆ ಬಹಳ ಪ್ರಿಯವಾದ ಇನ್ನೊಂದು ಸಂಗತಿ, ಎದುರಾಳಿಯ ಪಟ್ ಅನ್ನು, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಮೆಲು ಹೊಡೆತವನ್ನು, ಬಿಟ್ಟುಕೊಡುವ ಅವಕಾಶ. ಸ್ಟ್ರೋಕ್ ಪ್ಲೇಯಲ್ಲಿ ಪ್ರತಿಯೊಬ್ಬರೂ ಚೆಂಡನ್ನು ಗುಳಿಗೆ ಹಾಕಿಯೇ ತೀರಬೇಕು. ಮ್ಯಾಚ್ ಪ್ಲೇಯಲ್ಲಿ ‘ಅದು ಆಯಿತು, ಎತ್ತಿಕೊಳ್ಳಿ’ ಎನ್ನಲು ನಿಯಮವೇ ಒಪ್ಪುತ್ತದೆ. ಅಮೆರಿಕ ಮತ್ತು ಬ್ರಿಟನ್ ತಂಡಗಳ ನಡುವಿನ 1969ರ ರೈಡರ್ ಕಪ್‌ನ ಕೊನೆಯ ಹೋಲ್‌ನಲ್ಲಿ ಅಮೆರಿಕದ ಜ್ಯಾಕ್ ನಿಕ್ಲಾಸ್ ಅವರು ಬ್ರಿಟನ್ನಿನ ಟೋನಿ ಜ್ಯಾಕ್ಲಿನ್ ಅವರ ಪಟ್ ಅನ್ನು ಹಾಗೆ ಬಿಟ್ಟುಕೊಟ್ಟಾಗ ಇಡೀ ಸ್ಪರ್ಧೆ 16–16ರಲ್ಲಿ ಸಮವಾಯಿತು. ಅಂಥ ಉದಾರತೆಗೆ ಆಟದ ಒಳಗೇ ಜಾಗವಿರುವುದು ಎಷ್ಟು ದೊಡ್ಡ ಮಾತು!

ಎರಡನೆಯ ಗುಂಪಿಗೆ ಸೇರಿದ ಮೊದಲ ದಿನವೇ ಅಲ್ಲಿನವರು ಕೇಳಿದ್ದು ನನ್ನ ಹ್ಯಾಂಡಿಕ್ಯಾಪ್ ಎಷ್ಟೆಂದು. ಆಟಗಾರರ ಮಟ್ಟವನ್ನು ತೋರಿಸುವ ಸಂಖ್ಯೆ ಅದು; ಹೆಚ್ಚಿದ್ದಷ್ಟೂ ಆಟ ದುರ್ಬಲ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಲ್ಲಿ ಗರಿಷ್ಠ 54ರವರೆಗೆ ಅವಕಾಶವಿದೆ, ಅಂದರೆ ಆಗಷ್ಟೇ ಕಲಿತವರಿಗೂ ಅಲ್ಲೊಂದು ಸ್ಥಾನವಿದೆ. ಲೆಕ್ಕ ಕಷ್ಟದ್ದಲ್ಲ. ಒಬ್ಬರ ಹ್ಯಾಂಡಿಕ್ಯಾಪ್ 8, ಇನ್ನೊಬ್ಬರದು 20 ಆಗಿದ್ದರೆ ವ್ಯತ್ಯಾಸ 12. ಸ್ಕೋರ್ ಕಾರ್ಡಿನಲ್ಲಿ ಕಷ್ಟದ ಕ್ರಮದಲ್ಲಿ 1ರಿಂದ 12ರವರೆಗೆ ಗುರುತಿಸಿದ ಹೋಲ್‌ಗಳಲ್ಲಿ ದುರ್ಬಲ ಆಟಗಾರರಿಗೆ ಒಂದೊಂದು ಹೊಡೆತದ ರಿಯಾಯಿತಿ. ಇದಿಲ್ಲದೆ ಪಣ ಒಡ್ಡುವುದನ್ನು ನಾನು ಸ್ನೇಹದ ಪಂದ್ಯ ಎಂದು ಒಪ್ಪುವುದಿಲ್ಲ. ಹಾಗೆಯೇ, ಹ್ಯಾಂಡಿಕ್ಯಾಪ್ ಅನ್ನು ಬೇಕೆಂದೇ ಹೆಚ್ಚಿಗೆ ಹೇಳಿಕೊಳ್ಳುವುದು ಗೆಳೆಯರ ಜೇಬಿಗೆ ಕೈ ಹಾಕಿದಂತೆ.

ಮೊತ್ತ ಎಣಿಸುವ ಅಭ್ಯಾಸವನ್ನು ಪೂರ್ತಿ ಬಿಡಲಾರದವರಿಗೆ ಸ್ಟೇಬಲ್‌ಫರ್ಡ್ ಒಂದು ಒಳ್ಳೆಯ ನಡುದಾರಿ. ವೈದ್ಯರಾಗಿದ್ದ ಫ್ರ್ಯಾಂಕ್ ಸ್ಟೇಬಲ್‌ಫರ್ಡ್ ರೂಪಿಸಿದ ಈ ರೀತಿಯ ಸ್ಪರ್ಧೆ 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್‌ನಲ್ಲಿ ನಡೆಯಿತು. ರಿಯಾಯಿತಿ ಕಳೆದ ಮೇಲೆ ಪಾರ್ (ಆ ಹೋಲ್‌ಗೆ ನಿಗದಿಯಾದಷ್ಟು ಹೊಡೆತ) ಬಂದರೆ 2 ಅಂಕ, ಅದಕ್ಕಿಂತ ಒಂದು ಹೊಡೆತ ಹೆಚ್ಚಾದ ಬೋಗಿಗೆ 1, ಒಂದು ಕಡಿಮೆಯಾದ ಬರ್ಡಿಗೆ 3, ಎರಡು ಕಡಿಮೆಯಾದ ಈಗಲ್‌ಗೆ 4. ಎರಡು ಹೆಚ್ಚಾದ ಡಬಲ್ ಬೋಗಿಯಾಗಲಿ ಅದಕ್ಕಿಂತ ಕೆಟ್ಟದ್ದಾಗಲಿ ಸೊನ್ನೆ. ಕೆಟ್ಟ ಹೋಲ್‌ನ ನಷ್ಟಕ್ಕೆ ಇಲ್ಲೊಂದು ತಳವಿದೆ. ಅಂಕ ಸಿಗುವ ಸಾಧ್ಯತೆ ಮುಗಿದ ಕೂಡಲೇ ಚೆಂಡನ್ನು ಎತ್ತಿಕೊಂಡು ಮುಂದೆ ನಡೆಯಬಹುದಾದ್ದರಿಂದ ಹಿಂದಿನ ಗುಂಪು ಕಾಯುತ್ತ ನಿಲ್ಲಬೇಕಿಲ್ಲ. ನಾನು ಮೊದಲ ಗುಂಪಿಗೆ ಇದೊಂದನ್ನಾದರೂ ಹೇಳಿಕೊಡಬೇಕಿತ್ತು.

ಜೋಡಿಯಾಗಿ ಆಡುವ ವಿಷಯದಲ್ಲಿ ಬ್ರಿಟನ್ನಿನ ರೂಢಿಗೂ ಅಮೆರಿಕದ ರೂಢಿಗೂ ಇರುವ ಅಂತರ ಕುತೂಹಲದ್ದು. ಬ್ರಿಟನ್ನಿನಲ್ಲಿ ‘ಫೋರ್‌ಸಮ್ಸ್’ ಎಂದರೆ ಒಂದು ಜೋಡಿಗೆ ಒಂದೇ ಚೆಂಡು. ಇಬ್ಬರೂ ಒಂದೊಂದು ಹೊಡೆತ ಸರದಿಯಂತೆ ಹೊಡೆಯುತ್ತಾರೆ, ಒಬ್ಬರು ಬೆಸ ಹೋಲ್‌ಗಳಲ್ಲಿ ಟೀ ಆಡಿದರೆ ಇನ್ನೊಬ್ಬರು ಸಮ ಹೋಲ್‌ಗಳಲ್ಲಿ. ಅಮೆರಿಕದಲ್ಲಿ ಅದೇ ಪದವನ್ನು ನಾಲ್ವರು ಸೇರಿದ ಯಾವುದೇ ಗುಂಪಿಗೆ ಬಳಸುತ್ತಾರೆ, ಮತ್ತು ಅಲ್ಲಿನವರಿಗೆ ಹೆಚ್ಚು ಇಷ್ಟವಾದದ್ದು ನಾಲ್ವರೂ ತಮ್ಮ ತಮ್ಮ ಚೆಂಡನ್ನೇ ಆಡಿ ಜೋಡಿಯಲ್ಲಿ ಉತ್ತಮ ಸ್ಕೋರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಫೋರ್‌ಬಾಲ್. ರೈಡರ್ ಕಪ್ 1927ರಲ್ಲಿ ಶುರುವಾದಾಗ ಅದರಲ್ಲಿ ಫೋರ್‌ಸಮ್ಸ್ ಇತ್ತು. ಫೋರ್‌ಬಾಲ್ ಸೇರಿದ್ದು 1963ರಲ್ಲಿ. ಫೋರ್‌ಸಮ್ಸ್ ಬೇಗ ಮುಗಿಯುತ್ತದೆ, ಆದರೆ ಸಂಗಾತಿಯ ಚೆಂಡನ್ನು ಪೊದೆಯೊಳಗೆ ಕಳಿಸಿದ ಆಟಗಾರನ ಮೇಲೆ ಬೀಳುವ ಭಾರ ದೊಡ್ಡದು. ಅಲ್ಲಿ ‘ಕ್ಷಮಿಸಿ’ ಎನ್ನಬಾರದು ಎಂಬ ಒಪ್ಪಂದ ಮೊದಲೇ ಆಗಿರಬೇಕು. ಬಲಾಬಲದಲ್ಲಿ ತೀರಾ ಅಂತರವಿರುವ ಗೆಳೆಯರಿಗೆ ನನ್ನ ಮತ ಫೋರ್‌ಬಾಲ್‌ಗೆ. ಇನ್ನೂ ಹೊಸಬರಾದರೆ ಸ್ಕ್ರ್ಯಾಂಬಲ್ ಸಾಕು: ಎಲ್ಲರೂ ಹೊಡೆದು, ಚೆನ್ನಾಗಿ ಬಿದ್ದ ಚೆಂಡಿನ ಜಾಗದಿಂದಲೇ ಮತ್ತೆ ಎಲ್ಲರೂ ಆಡುವುದು.

ನಮ್ಮ ಗುಂಪು ಆರಾರು ಹೋಲ್‌ಗೊಮ್ಮೆ ಜೋಡಿ ಬದಲಿಸುತ್ತದೆ. ಹದಿನೆಂಟು ಹೋಲ್ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಉಳಿದ ಮೂವರೊಡನೆಯೂ ಒಮ್ಮೆ ಜೊತೆಯಾಗಿ ಆಡಿರುತ್ತಾರೆ. ಬೆಳಿಗ್ಗೆ ಎದುರಾಳಿಯಾಗಿದ್ದವರು ಮಧ್ಯಾಹ್ನದ ಹೊತ್ತಿಗೆ ನಮ್ಮ ಪಟ್‌ನ ಓಟವನ್ನು ಬಗ್ಗಿ ನೋಡಿ ದಾರಿ ಹೇಳುತ್ತಿರುತ್ತಾರೆ. ಇದರಷ್ಟು ಚೆನ್ನಾಗಿ ಗುಂಪನ್ನು ಬೆಸೆಯುವ ಬೇರೆ ರೀತಿಯನ್ನು ನಾನು ಕಂಡಿಲ್ಲ.

ಇನ್ನು ಪಣದ ಮಾತು. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವ ‘ನಸ್ಸಾವ್’ ಎಂಬುದು ಒಂದೇ ಆಟದೊಳಗಿನ ಮೂರು ಪಂದ್ಯಗಳು: ಮೊದಲ ಒಂಬತ್ತಕ್ಕೆ ಒಂದು, ಕೊನೆಯ ಒಂಬತ್ತಕ್ಕೆ ಒಂದು, ಒಟ್ಟು ಹದಿನೆಂಟಕ್ಕೆ ಒಂದು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ನ್ಯೂಯಾರ್ಕ್ ಬಳಿಯ ನಸ್ಸಾವ್ ಕಂಟ್ರಿ ಕ್ಲಬ್‌ನಲ್ಲಿ ಹುಟ್ಟಿದ ಈ ರೀತಿಯ ಹಿಂದೆ, ಸೋಲು ಎಷ್ಟೇ ದೊಡ್ಡದಾದರೂ ಅದು 3–0 ದಾಟಬಾರದು, ಸೋತವರ ಮಾನ ಉಳಿಯಬೇಕು ಎಂಬ ಯೋಚನೆಯಿತ್ತೆಂದು ಹೇಳುತ್ತಾರೆ. ಮುಂಜಾನೆ ಮುಗ್ಗರಿಸಿದವರಿಗೆ ಹತ್ತನೆಯ ಟೀಯಲ್ಲಿ ಹೊಸದೊಂದು ಪಂದ್ಯ ಕಾದಿರುತ್ತದೆ. ಇದು ನನಗೆ ತುಂಬ ಹಿಡಿಸಿದ ಏರ್ಪಾಡು.

ಹಿಡಿಸದಿರುವುದು ಅದಕ್ಕೆ ಅಂಟಿಕೊಂಡು ಬಂದ ‘ಪ್ರೆಸ್’. ಎರಡು ಹೋಲ್ ಹಿಂದೆ ಬಿದ್ದವರು ಉಳಿದ ಹೋಲ್‌ಗಳಿಗೆಂದು ಹೊಸದಾಗಿ ಇನ್ನೊಂದು ಪಣ ಒಡ್ಡುವುದೇ ಪ್ರೆಸ್. ಎರಡೂ ಅರ್ಧಗಳಲ್ಲಿ ಒಂದೊಂದು ಪ್ರೆಸ್ ಆಗಿ ಎಲ್ಲವನ್ನೂ ಸೋತರೆ, ಮೂರು ಪಾಲು ಎಂದುಕೊಂಡು ಹೊರಟವರು ಐದು ಪಾಲು ಕೊಟ್ಟು ಮನೆಗೆ ಹೋಗಬೇಕಾಗುತ್ತದೆ. ಪ್ರೆಸ್ ಮೇಲೆ ಪ್ರೆಸ್ ಬಿದ್ದರೆ ಇನ್ನೂ ಹೆಚ್ಚು. ಕಳೆದದ್ದನ್ನು ಮರಳಿ ಪಡೆಯುವ ಹಟ ಹುಟ್ಟುವುದು ಇಲ್ಲೇ, ಮತ್ತು ನನ್ನ ಲೆಕ್ಕದಲ್ಲಿ ಪಂದ್ಯ ಜೂಜಿನ ಕಡೆಗೆ ವಾಲುವುದೂ ಇಲ್ಲೇ. ಇಡುವುದೇ ಆದರೆ ಒಂದು ಅರ್ಧಕ್ಕೆ ಒಂದೇ ಪ್ರೆಸ್ ಎಂದು ಮೊದಲೇ ಗೆರೆ ಹಾಕಬೇಕು.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ‘ವೇಗಸ್’. ಇಲ್ಲಿ ಜೋಡಿಯ ಎರಡು ಸ್ಕೋರುಗಳನ್ನು ಕೂಡಿಸುವುದಿಲ್ಲ, ಅಕ್ಕಪಕ್ಕ ಬರೆದು ಒಂದು ಸಂಖ್ಯೆ ಮಾಡುತ್ತಾರೆ. ಒಂದು ಜೋಡಿ 3 ಮತ್ತು 5 ಹೊಡೆದರೆ 35, ಎದುರು ಜೋಡಿ 4 ಮತ್ತು 7 ಹೊಡೆದರೆ 47, ಅಂತರ 12. ಮೊದಲ ಜೋಡಿಯ 3 ಬರ್ಡಿಯಾಗಿದ್ದರೆ ಎದುರಾಳಿಯ ಸಂಖ್ಯೆ ತಿರುಗಿ 74 ಆಗುತ್ತದೆಂಬ ನಿಯಮವನ್ನೂ ಹಲವರು ಇಟ್ಟುಕೊಳ್ಳುತ್ತಾರೆ. ಆಗ ಅಂತರ 39. ಒಂದೇ ಹೋಲ್‌ನಲ್ಲಿ ಇಷ್ಟು! ಅಂಕಕ್ಕೆ ಎಷ್ಟೇ ಸಣ್ಣ ಮೊತ್ತ ಇಟ್ಟರೂ ಹದಿನೆಂಟು ಹೋಲ್‌ಗಳ ಕೊನೆಗೆ ಅದು ಯಾರೂ ಊಹಿಸದ ಮಟ್ಟ ಮುಟ್ಟಬಹುದು. ಹಣವಿಲ್ಲದೆ ಬರಿಯ ಅಂಕಕ್ಕಾಗಿ ಆಡಿದರೆ ವೇಗಸ್ ಬಹಳ ಸೊಗಸು.

ಸ್ಕಿನ್ಸ್ ಎಲ್ಲರಿಗೂ ಗೊತ್ತಿರುವಂಥದ್ದು: ಹೋಲ್ ಅನ್ನು ಒಬ್ಬರೇ ಗೆದ್ದರೆ ಸ್ಕಿನ್ ಅವರದು, ಸಮವಾದರೆ ಅದು ಮುಂದಿನ ಹೋಲ್‌ಗೆ ಸೇರಿಕೊಳ್ಳುತ್ತದೆ. ಟೆಲಿವಿಷನ್‌ಗಾಗಿ 1983ರಲ್ಲಿ ಆರಂಭವಾದ ಸ್ಕಿನ್ಸ್ ಆಟದಲ್ಲಿ ಗ್ಯಾರಿ ಪ್ಲೇಯರ್, ಅರ್ನಾಲ್ಡ್ ಪಾಮರ್, ಜ್ಯಾಕ್ ನಿಕ್ಲಾಸ್, ಟಾಮ್ ವಾಟ್ಸನ್ ಆಡಿದ ಮೇಲೆ ಅದು ಮನೆಮಾತಾಯಿತು. ನೋಡುವವರಿಗೆ ರೋಚಕ. ಆಡುವವರಲ್ಲಿ ಮಾತ್ರ ಇಡೀ ದಿನ ಹದವಾಗಿ ಆಡಿದವರು ಬರಿಗೈಯಲ್ಲಿ ಹೋಗುವುದೂ ಉಂಟು.

ನಾಲ್ವರಿಗೆ ಸರಿಯಾದ ಆಟ ಯಾವುದು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ‘ವುಲ್ಫ್’ ಎನ್ನುತ್ತೇನೆ. ಪ್ರತಿ ಹೋಲ್‌ನಲ್ಲೂ ಸರದಿಯಂತೆ ಒಬ್ಬರು ತೋಳ. ಉಳಿದವರು ಒಬ್ಬೊಬ್ಬರಾಗಿ ಟೀ ಹೊಡೆತ ಹೊಡೆಯುತ್ತಿದ್ದಂತೆ, ಮುಂದಿನವರು ಹೊಡೆಯುವ ಮೊದಲೇ, ಆ ಆಟಗಾರರು ತನಗೆ ಜೊತೆಗಾರರೋ ಅಲ್ಲವೋ ಎಂದು ತೋಳ ಹೇಳಿಬಿಡಬೇಕು. ಯಾರನ್ನೂ ಆರಿಸದಿದ್ದರೆ ಒಬ್ಬಂಟಿಯಾಗಿ ಮೂವರನ್ನೂ ಎದುರಿಸಬೇಕು. ಗೆದ್ದರೆ ಇಮ್ಮಡಿ ಅಂಕ. ಚೆನ್ನಾಗಿ ಹೊಡೆಯುವುದರ ಜೊತೆಗೆ ಗೆಳೆಯರ ಆಟವನ್ನು ಓದುವುದೂ ಇಲ್ಲಿ ಬೇಕು: ಈ ಹೋಲ್‌ನಲ್ಲಿ ತನಗೆ ರಿಯಾಯಿತಿ ಇದೆಯೇ, ಫೇರ್‌ವೇ (ಹುಲ್ಲು ಕತ್ತರಿಸಿದ ಹಾದಿ) ನಡುವೆ ಬಿದ್ದ ಮೊದಲ ಚೆಂಡನ್ನು ಒಪ್ಪಬೇಕೇ, ಇನ್ನೂ ಹೊಡೆಯಬೇಕಾದ ಬಲಶಾಲಿಗಾಗಿ ಕಾಯಬೇಕೇ? ನಾಲ್ವರ ಸರದಿ ಹದಿನಾರು ಹೋಲ್‌ಗೆ ಸರಿಹೋಗುತ್ತದೆ. ಉಳಿದ ಎರಡರಲ್ಲಿ, ಎಲ್ಲರಿಗಿಂತ ಹಿಂದಿರುವವರನ್ನೇ ತೋಳವಾಗಿಸುವುದು ಹಲವು ಗುಂಪುಗಳ ವಾಡಿಕೆ.

ಬಲವಿಲ್ಲದವರಿಗೂ ಸಮಾನ ಅವಕಾಶ ಕೊಡುವ ಇನ್ನೊಂದು ಆಟ ‘ಬಿಂಗೊ ಬ್ಯಾಂಗೊ ಬಾಂಗೊ’. ಪ್ರತಿ ಹೋಲ್‌ಗೆ ಮೂರು ಅಂಕ: ಮೊದಲು ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ತಲುಪಿದವರಿಗೆ ಒಂದು, ಎಲ್ಲರೂ ಗ್ರೀನ್ ಮೇಲಿದ್ದಾಗ ಗುಳಿಗೆ ಹತ್ತಿರವಿರುವವರಿಗೆ ಒಂದು, ಮೊದಲು ಗುಳಿಗೆ ಹಾಕಿದವರಿಗೆ ಒಂದು. ದೂರದಲ್ಲಿರುವವರೇ ಮೊದಲು ಹೊಡೆಯುವುದರಿಂದ, ಕಡಿಮೆ ದೂರ ಹೊಡೆಯುವವರಿಗೆ ಮೊದಲ ಅವಕಾಶ ಬರುತ್ತದೆ; ಗ್ರೀನ್ ಪಕ್ಕದಿಂದ ಚಿಪ್ ಮಾಡಿ ಚೆಂಡನ್ನು ಗುಳಿಯ ಬಳಿ ಇಟ್ಟವರಿಗೆ ಎರಡನೆಯ ಅಂಕವೂ ಸಿಗಬಹುದು. ಸರದಿಯನ್ನು ಕಟ್ಟುನಿಟ್ಟಾಗಿ ಪಾಲಿಸದಿದ್ದರೆ ಮಾತ್ರ ಈ ಆಟಕ್ಕೆ ಅರ್ಥವಿಲ್ಲ. ಮೂವರೇ ಬಂದ ದಿನ ಹೋಲ್‌ಗೆ ಒಂಬತ್ತು ಅಂಕಗಳನ್ನು 5, 3, 1 ಎಂದು ಹಂಚಿಕೊಳ್ಳುವ ಆಟ ಚೆನ್ನಾಗಿ ಹೊಂದುತ್ತದೆ.

ಪಣದ ಮೊತ್ತದ ಬಗ್ಗೆ ಗಾಲ್ಫ್‌ನ ನಿಯಮ ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳ ನಿಲುವು ನನಗೆ ಬಹಳ ವಿವೇಕದ್ದೆನಿಸುತ್ತದೆ: ಆಟಗಾರರು ಪರಸ್ಪರ ಪರಿಚಿತರಾಗಿರಬೇಕು, ಸೇರುವುದು ಬಿಡುವುದು ಅವರವರ ಇಷ್ಟವಾಗಿರಬೇಕು, ಹಣ ಆಟಗಾರರದ್ದೇ ಆಗಿರಬೇಕು, ಮೊತ್ತ ಮಿತಿ ಮೀರಬಾರದು. ಆಯಾ ನಾಡಿನ ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಅಂತಿಮ. ಮಿತಿ ಮೀರಿದಾಗ ಏನಾಗುತ್ತದೆಂಬುದಕ್ಕೆ 1955ರಲ್ಲಿ ನ್ಯೂಯಾರ್ಕ್ ಬಳಿಯ ಡೀಪ್‌ಡೇಲ್ ಕ್ಲಬ್‌ನಲ್ಲಿ ನಡೆದದ್ದು ಸಾಕ್ಷಿ. ಜೋಡಿಗಳನ್ನು ಹರಾಜು ಹಾಕಿ ದೊಡ್ಡ ಹಣ ಕೂಡಿಸುವ ‘ಕಲ್ಕತ್ತಾ’ ಎಂಬ ಪದ್ಧತಿಯಲ್ಲಿ ಅಲ್ಲಿ ಗೆದ್ದವರು ಸುಳ್ಳು ಹ್ಯಾಂಡಿಕ್ಯಾಪ್ ಹೇಳಿಕೊಂಡವರೆಂದು ಆಮೇಲೆ ಬಯಲಾಯಿತು.

ನಮ್ಮ ಗುಂಪಿನ ಒಪ್ಪಂದ ಮೊದಲ ಟೀ ಮೇಲೆಯೇ ಆಗುತ್ತದೆ: ಯಾವ ಆಟ, ಯಾರಿಗೆ ಎಷ್ಟು ರಿಯಾಯಿತಿ, ಹೆಚ್ಚೆಂದರೆ ಎಷ್ಟು ಸೋಲಬಹುದು. ಪಣ ಬೇಡವೆಂದವರು ಕಾರಣ ಹೇಳಬೇಕಿಲ್ಲ; ಅವರ ಅಂಕಗಳನ್ನೂ ಉಳಿದವರದರಂತೆಯೇ ಬರೆಯುತ್ತೇವೆ. ಬಹುತೇಕ ವಾರಗಳಲ್ಲಿ ನಮ್ಮ ಪಣ ಒಂದು ಹೊಸ ಚೆಂಡು. ಸೋತವರು ಅದನ್ನು ಹದಿನೆಂಟನೆಯ ಗ್ರೀನ್ ಪಕ್ಕದಲ್ಲೇ ಕೊಟ್ಟುಬಿಡುತ್ತಾರೆ, ಬಾಕಿ ಎಂಬುದು ಮುಂದಿನ ವಾರಕ್ಕೆ ಹೋಗುವುದಿಲ್ಲ. ಮೊದಲ ಗುಂಪಿನಿಂದ ದೂರವಾದ ಆ ಗೆಳೆಯರಿಗೆ ಇತ್ತೀಚೆಗೆ ಫೋನ್ ಮಾಡಿ ವುಲ್ಫ್ ಆಡುವ ರೀತಿಯನ್ನು ವಿವರಿಸಿದೆ. ಕೊನೆಯ ಎರಡು ಹೋಲ್‌ಗಳ ವಾಡಿಕೆಯನ್ನು ಅವರು ಎರಡೆರಡು ಸಲ ಕೇಳಿ ತಿಳಿದುಕೊಂಡರು; ಮುಂದಿನ ತಿಂಗಳು ನಮ್ಮ ಊರಿಗೆ ಬರುವಾಗ ಕ್ಲಬ್ಬುಗಳನ್ನೂ ತರುವುದಾಗಿ ಹೇಳಿದ್ದಾರೆ.