ನಾನು ಅಡಿಕೆ ಹರಗಿದರೆ ಮಳೆ

ಶಿರಸಿಯಿಂದ ಒಳಗೆ, ಎರಡು ಗುಡ್ಡಗಳ ನಡುವೆ ನಮ್ಮದೊಂದು ಸಣ್ಣ ಅಡಿಕೆ ತೋಟ. ಮಳೆ ಯಾವಾಗ ಬರುತ್ತದೆಂದು ನೋಡಲು ಅಪ್ಪಯ್ಯನಿಗೆ ಪಂಚಾಂಗ, ನನಗೆ ಮೊಬೈಲು. ಪಂಚಾಂಗಕ್ಕೆ ನೆಟ್‌ವರ್ಕ್ ಬೇಡ. ನಾನು ಮಾತ್ರ ಸೊಪ್ಪಿನ ಬೆಟ್ಟದ ತುದಿಯ ಮತ್ತಿಮರದ ಬುಡಕ್ಕೇ ಹೋಗಬೇಕು. ‘15 ನಿಮಿಷದಲ್ಲಿ ಮಳೆ’ ಎಂದು ಅಲ್ಲಿ ಓದಿ, ಇಳಿದು ಮನೆ ಮುಟ್ಟಲು 20 ನಿಮಿಷ. ಮುನ್ಸೂಚನೆ ಒಮ್ಮೆಯೂ ತಪ್ಪಿಲ್ಲ. ನಾನು ಒಮ್ಮೆಯೂ ಒಣಗಿ ಬಂದಿಲ್ಲ.

ಮಳೆಗಾಲ ಜೋರಾಗುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಔಷಧಿ, ಅಂದರೆ ಬೋರ್ಡೋ ದ್ರಾವಣ, ಹೊಡೆದು ಮುಗಿಸಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಕ್ಕಿದ್ದು 13ನೇ ಫೋನಿಗೆ, ಅಂದರೆ ನಾನು 13ನೇ ಸಲ ಬೆಟ್ಟ ಹತ್ತಿದಾಗ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯಬೇಕು. ಹೊಳೆಯುವ ಕತ್ತಿ ಅದ್ದಿದಾಗ ತಾಮ್ರ ಹಿಡಿದು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ನಮ್ಮನೆ ಕತ್ತಿಗಳೋ, ತುಕ್ಕು ಹಿಡಿದು ಅದ್ದುವ ಮೊದಲೇ ಕೆಂಪು! ಅಡುಗೆಮನೆಯಿಂದ ಹೊಸ ಚಾಕು ಕದ್ದು ತಂದೆ. ಅದೂ ಕೆಂಪಾಯಿತು, ಸುಣ್ಣ ಹಾಕಿದೆ. ಚಾಕು ಹುಡುಕುತ್ತ ಬಂದ ಹೆಂಡತಿಯ ಮುಖವೂ ಕೆಂಪಾಯಿತು. ಅದಕ್ಕೆಷ್ಟು ಸುಣ್ಣ ಎಂದು ಯಾರೂ ಬರೆದಿಟ್ಟಿಲ್ಲ.

ಮೂರನೇ ಮರಕ್ಕೇ ಪೈಪಿನ ಜಾಯಿಂಟ್ ಕಿತ್ತುಬಂತು. ‘ಹೆಗಡೇರೆ, ಔಷಧಿ ಬರ್ತಾ ಇಲ್ಲ!’ ಎಂದು ಕೊನೆಗೌಡ ಮೇಲಿಂದ ಕೂಗಿದ. ಹೇಗೆ ಬಂದೀತು, ಅಷ್ಟೂ ನನ್ನ ಮೈಮೇಲೆ ಬರುತ್ತಿತ್ತು. ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ್ದು. ದ್ರಾಕ್ಷಿ ಬಳ್ಳಿ ಕೈಗೆಟಕುವಷ್ಟೇ ಎತ್ತರ. ಅಡಿಕೆ ಮರದ ಬುಡದಲ್ಲಿ ಪೈಪ್ ಹಿಡಿದು ನಿಂತವನ ಗತಿ ಆ ಪುಣ್ಯಾತ್ಮರ ಕನಸಿಗೂ ಬಂದಿರಲಿಕ್ಕಿಲ್ಲ. ನಾಲ್ಕು ಗಂಟೆಗೆ ಗಾಳಿಮಳೆ ಹೊಡೆಯಿತು. ಅಡಿಕೆ ಗೊನೆಗಳ ಮೇಲಿನ ಔಷಧಿ ತೊಳೆದುಹೋಯಿತು, ನನ್ನ ತಲೆಗೂದಲಿನದು ಹೋಗಲಿಲ್ಲ.

ಆರಿದ್ರೆಯಿಂದ ಆಶ್ಲೇಷದವರೆಗೆ ಹೇಳುವಂಥದ್ದೇನಿಲ್ಲ: ಮಳೆ, ಉಂಬಳ, ಹಲಸಿನ ಹಪ್ಪಳ. ಕರೆಂಟಿನ ಸುದ್ದಿ ಬೇಡ.

ಕೊಯ್ಲು ಮುಗಿದು ಅಡಿಕೆಯನ್ನು ಬಿಸಿಲಿಗೆ ಒಣಗಿಸಿ ಚಾಲಿ ಮಾಡುವ ಹೊತ್ತಿಗೆ ನನ್ನ ಹೆಸರು ಕೇರಿಯಲ್ಲೆಲ್ಲ ಹಬ್ಬಿತ್ತು. ಹಣ್ಣಡಿಕೆ ಚಾಲಿಯಾಗಲು ಸುಮಾರು 40 ಬಿಸಿಲು ಬೇಕು. ನಾನು ಅಂಗಳಕ್ಕೆ ಹರಗಿದ, ಅಂದರೆ ಒಣಗಲು ಹರಡಿದ, ಮೂರೂ ದಿನ, ಅದೂ ಡಿಸೆಂಬರಿನಲ್ಲಿ, ಮೋಡ ಕಟ್ಟಿ ಹನಿ ಬಿದ್ದಿತ್ತು. ಪಂಚಾಂಗದಲ್ಲಿ ಇದಕ್ಕೆ ಯಾವ ನಕ್ಷತ್ರವೂ ಇರಲಿಲ್ಲ. ‘ನಕ್ಷತ್ರ ನಿಂದೇ’ ಅಂದರು ಅಪ್ಪಯ್ಯ.

ಒಂದು ಸಂಜೆ ಪಕ್ಕದ ಮನೆಯವ ಬೇಲಿ ಆಚೆಯಿಂದ ಕೇಳಿದ: ‘ನಾಳೆ ಅಡಿಕೆ ಹರಗ್ತ್ಯಾ?’

‘ಹರಗ್ತಿ’ ಅಂದೆ.

ಮಾತಿಲ್ಲದೆ ಹೋಗಿ ತನ್ನ ಅಡಿಕೆಯನ್ನೆಲ್ಲ ಒಳಗೆ ಸೇರಿಸಿದ. ಮರುದಿನ ನೆತ್ತಿ ಸುಡುವ ಬಿಸಿಲು, ಹುಡುಕಿದರೂ ಒಂದು ಮೋಡವಿಲ್ಲ. ನನ್ನಡಿಕೆ ಕಟಕಟ ಒಣಗಿತು. ಸಂಜೆ ಅವನು ಬೇಲಿ ದಾಟಿಯೇ ಬಂದ.

‘ನಿನ್ನ ನಂಬ್ಕಂಡು ಒಂದು ಬಿಸ್ಲು ಹೋತಲ ಮಾರಾಯ!’